‘ಮ’ದಿಂದ ಶುರುವಾದ್ರೆ ಒಳಗೆ ಬಿಡು: ವೆಬ್‌ಸೈಟ್ ಬಾಗಿಲು ಕಾಯೋ ನಿಯಮಗಳ ಕಥೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರೋ, ಗದ್ದೆ ಬದುವಿನ ಮೇಲೆ ನಡೀತಿದ್ದೀರೋ ಗೊತ್ತಿಲ್ಲ. ಇವತ್ತಿನ ಸಂಚಿಕೆಯನ್ನ ಒಂದು ನಂಬರಿಂದ ಶುರು ಮಾಡ್ತೀನಿ: 6,20,000.

2025ರ ಜನವರಿಯಲ್ಲಿ ‘ಕಾವೇರಿ 2.0’ ಅನ್ನೋ ಸರ್ಕಾರಿ ವೆಬ್‌ಸೈಟಿಗೆ ಎರಡೇ ಗಂಟೆಯಲ್ಲಿ ಬಂದ ದುರುದ್ದೇಶದ ಕೋರಿಕೆಗಳ ಸಂಖ್ಯೆ ಇದು. ಮಂಡ್ಯದವರಿಗೆ ಕಾವೇರಿ ಅಂದ್ರೆ ನೀರು. ಆದರೆ ಇಲ್ಲಿ ಕಾವೇರಿ ಅಂದ್ರೆ ಆಸ್ತಿ ನೋಂದಣಿ ಮಾಡೋ ತಂತ್ರಾಂಶ. ಜಮೀನು ಮಾರಬೇಕು, ಕೊಳ್ಳಬೇಕು, ಬ್ಯಾಂಕಿಗೆ ಇಸಿ ಕೊಡಬೇಕು ಅಂದ್ರೆ ಈ ಬಾಗಿಲಿಗೇ ಬರಬೇಕು. ಇಸಿ ಅಂದ್ರೆ ಋಣಭಾರ ಪ್ರಮಾಣಪತ್ರ, ಆ ಜಮೀನಿನ ಮೇಲೆ ಯಾರ ಸಾಲ, ಯಾರ ಹಕ್ಕು ನೋಂದಣಿ ಆಗಿದೆ ಅಂತ ಹೇಳೋ ಕಾಗದ. ಆ ಜನವರಿಯಲ್ಲಿ ಇಸಿ ಹುಡುಕಾಟವೇ ಮಾಮೂಲಿಗಿಂತ 8 ಪಟ್ಟು ಏರಿತು. ಸೈಟ್ ಕುಸೀತು. ಪೊಲೀಸ್ ಪ್ರಕರಣವೂ ದಾಖಲಾಯ್ತು.

ಆಮೇಲೆ ಹೊರಬಂದ ವಿವರ ನೋಡಿ. ದಾಳಿಗೆ ಬಳಸಿದ್ದು 62 ಇಮೇಲ್ ಖಾತೆಗಳು, 14 ಐಪಿ ವಿಳಾಸಗಳು. ಇಷ್ಟೇ.

ಇದನ್ನ ಓದಿದಾಗ ನನಗೆ ಹೊಳೆದ ಮೊದಲ ಪ್ರಶ್ನೆ ನಿಮಗೂ ಹೊಳೆದಿರುತ್ತೆ. ಬರೀ 14 ವಿಳಾಸ ತಾನೆ? ಬಾಗಿಲಲ್ಲೇ ತಡೀಬಹುದಿತ್ತಲ್ವಾ? ಉತ್ತರ ಅಷ್ಟು ಸುಲಭವಾಗಿಲ್ಲ. ಅದು ಯಾಕೆ ಸುಲಭವಲ್ಲ ಅಂತ ತಿಳಿಯೋಕೆ ವೆಬ್‌ಸೈಟುಗಳು ‘ನೀನು ಒಳಗೆ, ನೀನು ಹೊರಗೆ’ ಅಂತ ತೀರ್ಮಾನಿಸೋದನ್ನ ಕಲಿತ ಇತಿಹಾಸ ನೋಡಬೇಕು. ಅದಕ್ಕೂ ಮುಂಚೆ ಸ್ವಲ್ಪ ನಮ್ಮ ಕೆರೆ ಏರಿ ಮೇಲೆ ಹೋಗಿ ಬರೋಣ.

ಕೆಆರ್‌ಎಸ್ ಕಟ್ಟೋಕೆ ಮುಂಚೆ ಈ ಸೀಮೆಯಲ್ಲಿ ಗದ್ದೆಗೆ ನೀರು ಅಂದ್ರೆ ಹೆಚ್ಚಾಗಿ ಕೆರೆ ನೀರು. ಮದ್ದೂರಿಗೆ ಮದ್ದೂರು ಕೆರೆ, ಮಳವಳ್ಳಿಗೆ ಮಳವಳ್ಳಿ ಕೆರೆ. ಕೆರೆಯ ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಯಾವಾಗ ನೀರು ಅಂತ ನೋಡೋದು ನೀರಗಂಟಿಯ ಕೆಲಸ. ಅವನಿಗೆ ಸಂಬಳ ಇರಲಿಲ್ಲ, ಸುಗ್ಗಿಯಲ್ಲಿ ಆಯ ಅಂತ ಧಾನ್ಯ ಕೊಡ್ತಿದ್ರು. ಅವನಿಗೆ ಎಲ್ಲರ ಮುಖ ಗೊತ್ತು. ಯಾರ ಪೈರು ಒಣಗ್ತಿದೆ, ಯಾರು ರಾತ್ರಿ ಮಡವೆ ಒಡೀತಾರೆ, ಎಲ್ಲ ಗೊತ್ತು. ಅವನು ಪಕ್ಷಪಾತ ಮಾಡಿರಬಹುದು, ಖಂಡಿತ ಮಾಡಿರ್ತಾನೆ. ಆದರೆ ತಪ್ಪಾದ್ರೆ ಏರಿ ಮೇಲೆ ನಿಂತು ಅವನನ್ನ ಕೂಗಿ ಕರೀಬಹುದಿತ್ತು.

ಆಮೇಲೆ ನಾಲೆಗಳ ಕಾಲ ಬಂತು. 1899ರಲ್ಲಿ ಮುಂಬೈ ಪ್ರಾಂತ್ಯದ ದಖ್ಖನ್ ಕಾಲುವೆಗಳಿಗೆ ವಿಶ್ವೇಶ್ವರಯ್ಯನವರು ‘ಬ್ಲಾಕ್ ಪದ್ಧತಿ’ ಅಂತ ತಂದಿದ್ರು. 1911ರಲ್ಲಿ ಕೆಆರ್‌ಎಸ್ ಕೆಲಸ ಶುರುವಾಗಿ, ಮುಂದೆ ಇರ್ವಿನ್ ನಾಲೆ, ಅಂದ್ರೆ ಈಗಿನ ವಿಶ್ವೇಶ್ವರಯ್ಯ ನಾಲೆ ಮಂಡ್ಯಕ್ಕೆ ಬಂದಾಗ, ಇಲ್ಲಿಗೂ ಬ್ಲಾಕ್ ಲೆಕ್ಕ ಬಂತು. ಈಗ ನೀರು ಸಿಗೋದು ನಿಮ್ಮ ಮುಖ ನೋಡಿ ಅಲ್ಲ. ನಿಮ್ಮ ಜಮೀನು ನಕ್ಷೆಯಲ್ಲಿ ಯಾವ ಬ್ಲಾಕಿನಲ್ಲಿದೆ, ಈ ಸಲ ಆ ಬ್ಲಾಕಿಗೆ ಯಾವ ಬೆಳೆ, ಅಷ್ಟೇ ಲೆಕ್ಕ. ಲಕ್ಷಗಟ್ಟಲೆ ಎಕರೆಗೆ ಒಬ್ಬೊಬ್ಬರ ಮುಖ ನೋಡಿ ನೀರು ಬಿಡೋಕಾಗಲ್ಲ, ಹಾಗಾಗಿ ಮಾದರಿ ಬೇಕಾಯ್ತು. ಇದರಿಂದ ಆದ ಲಾಭ ದೊಡ್ಡದು. ಆದ ಕಷ್ಟವೂ ನಮ್ಮವರಿಗೆ ಗೊತ್ತು. ನಾಲೆಯ ಕೊನೆ ಭಾಗಕ್ಕೆ ನೀರು ಬರಲ್ಲ ಅಂತ ಮದ್ದೂರು, ಮಳವಳ್ಳಿ ಕಡೆ ರೈತರು ಇವತ್ತಿಗೂ ರಸ್ತೆಗಿಳೀತಾರೆ.

ಮುಖದಿಂದ ಮಾದರಿಗೆ. ವೆಬ್‌ಸೈಟ್ ಬಾಗಿಲಿನ ಕಥೆಯೂ ಇದೇ.

ಕಂಪ್ಯೂಟರ್ ಭಾಷೆಯಲ್ಲಿ ಈ ಮಾದರಿಗೆ ‘ರೆಗ್ಯುಲರ್ ಎಕ್ಸ್‌ಪ್ರೆಷನ್’ ಅಂತಾರೆ, ಸಣ್ಣದಾಗಿ ‘ರೆಜೆಕ್ಸ್’. ಇದು ಹುಟ್ಟಿದ್ದು ಇಂಟರ್ನೆಟ್ಟಿಗೋಸ್ಕರ ಅಲ್ಲ. 1943ರಲ್ಲಿ ಮೆಕಲಾಕ್ ಮತ್ತು ಪಿಟ್ಸ್ ಅನ್ನೋ ಇಬ್ಬರು ಅಮೆರಿಕದಲ್ಲಿ ಮೆದುಳಿನ ನರಕೋಶಗಳಿಗೆ ಒಂದು ಗಣಿತದ ಚೌಕಟ್ಟು ಬರೆದ್ರು. 1951ರ ಬೇಸಿಗೆಯಲ್ಲಿ ಸ್ಟೀಫನ್ ಕ್ಲೀನಿ ಅನ್ನೋ ಗಣಿತಜ್ಞ ರ್‍ಯಾಂಡ್ ಸಂಸ್ಥೆಯಲ್ಲಿ ಕೂತು, ಇಂಥ ನರಜಾಲ ಯಾವ ಯಾವ ಸಂಗತಿಗಳನ್ನ ಗುರುತಿಸಬಲ್ಲದು ಅಂತ ಹುಡುಕ್ತಾ ಈ ಬರವಣಿಗೆ ಕಂಡುಹಿಡಿದ್ರು. 1968ರಲ್ಲಿ ಕೆನ್ ಥಾಂಪ್ಸನ್ ಅದನ್ನ ಪಠ್ಯದೊಳಗೆ ಹುಡುಕೋ ಪ್ರೋಗ್ರಾಮ್ ಮಾಡಿದ್ರು. ಮುಂದೆ ಯೂನಿಕ್ಸ್ ಕಟ್ಟಿದ್ದು ಇದೇ ಥಾಂಪ್ಸನ್ ಮತ್ತು ಅವರ ಜೊತೆಗಾರರು.

ಇದು ಹೇಗೆ ಕೆಲಸ ಮಾಡುತ್ತೆ ಅಂತ ನಮ್ಮೂರ ಹೆಸರಿನಲ್ಲೇ ನೋಡೋಣ. ಮಂಡ್ಯ, ಮದ್ದೂರು, ಮಳವಳ್ಳಿ ಜನರನ್ನ ಮಾತ್ರ ಒಳಗೆ ಬಿಡೋ ಒಂದು ಸೈಟ್ ಇದೆ ಅಂದ್ಕೊಳ್ಳಿ. ಮೂರೂ ಹೆಸರು ‘ಮ’ದಿಂದ ಶುರು. ಹಾಗಾಗಿ ನೀವು ‘^ಮ’ ಅಂತ ನಿಯಮ ಬರೀತೀರ. ಆ ಟೋಪಿ ಗುರುತಿನ ಅರ್ಥ ‘ಶುರುವಿನಲ್ಲಿ’. ಚೆನ್ನಾಗಿದೆ. ಆದರೆ ಅದೇ ಬಾಗಿಲಲ್ಲಿ ಮಂಗಳೂರು, ಮಡಿಕೇರಿನೂ ಒಳಗೆ ಬರುತ್ತೆ. ಮೈಸೂರೂ ಬರುತ್ತೆ, ಯಾಕಂದ್ರೆ ಕಂಪ್ಯೂಟರಿಗೆ ‘ಮೈ’ ಅಂದ್ರೆ ಮೊದಲು ‘ಮ’, ಆಮೇಲೆ ಒಂದು ಐತ್ವ. ಸರಿ, ಬಿಗಿ ಮಾಡೋಣ ಅಂತ ಮೂರು ಹೆಸರನ್ನೇ ಪೂರ್ತಿ ಬರೆದ್ರಿ. ಈಗ ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ಜನ ಹೊರಗೆ ನಿಂತ್ರು. ಅವರೂ ಮಂಡ್ಯ ಜಿಲ್ಲೆಯವರೇ! ಅವರನ್ನ ಸೇರಿಸೋಣ ಅಂದ್ರೆ ಒಬ್ಬರು ‘ಕೆ.ಆರ್. ಪೇಟೆ’ ಅಂತ ಬರೀತಾರೆ, ಇನ್ನೊಬ್ಬರು ‘ಕೃಷ್ಣರಾಜಪೇಟೆ’ ಅಂತ ಬರೀತಾರೆ. ಮೆಷೀನಿಗೆ ಅವು ಎರಡು ಬೇರೆ ಊರು.

ಇನ್ನೊಂದು ತಮಾಷೆ ಕೇಳಿ. ರೆಜೆಕ್ಸ್‌ನಲ್ಲಿ ಚುಕ್ಕಿ ಅಂದ್ರೆ ಚುಕ್ಕಿ ಅಲ್ಲ, ‘ಯಾವುದಾದ್ರೂ ಒಂದು ಅಕ್ಷರ’ ಅಂತ ಅರ್ಥ. ಕೆಆರ್‌ಎಸ್ ತುಂಬಿದ ಮಟ್ಟ 124.80 ಅಡಿ, ಇದು ಮಂಡ್ಯದ ಮಕ್ಕಳಿಗೂ ಬಾಯಿಪಾಠ. ಅದನ್ನ ಹಾಗೇ ನಿಯಮವಾಗಿ ಬರೆದ್ರೆ 124580 ಅನ್ನೋ ಸಂಖ್ಯೆಯೂ ಪಾಸ್. ಚುಕ್ಕಿ ಹಿಂದೆ ಒಂದು ಓರೆಗೆರೆ ಹಾಕಿದ್ರೆ ಮಾತ್ರ ‘ನಿಜವಾದ ಚುಕ್ಕಿ’ ಅಂತ ಅದು ಒಪ್ಪುತ್ತೆ. ಹಾಗೇ ‘ಇಲ್ಲಿಗೆ ಮುಗೀತು’ ಅಂತ ಹೇಳೋಕೆ ಕೊನೆಯಲ್ಲಿ ಡಾಲರ್ ಗುರುತು ಹಾಕಬೇಕು. ಅದನ್ನ ಮರೆತು 203.0.113.5 ಅನ್ನೋ ಒಂದು ವಿಳಾಸ ತಡೀರಿ ಅಂತ ಬರೆದ್ರೆ, 50ರಿಂದ 59ರವರೆಗೆ ಕೊನೆಯಾಗೋ ಇನ್ನೂ 10 ವಿಳಾಸಗಳಿಗೂ ಬಾಗಿಲು ಮುಚ್ಚುತ್ತೆ. ಯಾಕಂದ್ರೆ ಅವುಗಳೂ ‘203.0.113.5’ ಅಂತಲೇ ಶುರುವಾಗುತ್ತವೆ. ಒಬ್ಬ ಮಾಡಿದ ತಪ್ಪಿಗೆ ಇಡೀ ಬೀದಿಗೆ ನೀರು ಬಂದ್!

ಇಂಥ ನಿಯಮಗಳು ವೆಬ್ ಬಾಗಿಲಿಗೆ ಬಂದದ್ದು 1990ರ ದಶಕದಲ್ಲಿ. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಅನ್ನೋ ಹುಡುಗ ಒಂದು ವೆಬ್ ಸರ್ವರ್ ಬರೆದ. ಸರ್ವರ್ ಅಂದ್ರೆ ನೀವು ಕೇಳಿದ ಪುಟ ಕೊಡೋ ತಂತ್ರಾಂಶ. ಅದರಲ್ಲಿ ‘ಇವರಿಗೆ ಬಿಡು’, ‘ಇವರನ್ನ ತಡೆ’ ಅಂತ ಒಂದು ಸಣ್ಣ ಕಡತದಲ್ಲಿ ಬರೆದಿಡಬಹುದಿತ್ತು. ಆ ಕಡತದ ಹೆಸರು ‘ಡಾಟ್ ಎಚ್‌ಟಿ ಆಕ್ಸೆಸ್’. 1995ರಲ್ಲಿ ಇದೇ ಸರ್ವರಿನ ಮೇಲೆ ತೇಪೆ ಹಾಕ್ತಾ ಹಾಕ್ತಾ ಅಪಾಚೆ ಹುಟ್ಟಿತು. 1996ರ ಏಪ್ರಿಲ್‌ನಲ್ಲಿ ಜರ್ಮನಿಯ ರಾಲ್ಫ್ ಎಂಗೆಲ್‌ಶಾಲ್ ಅದಕ್ಕೆ ‘ಮಾಡ್ ರೀರೈಟ್’ ಅನ್ನೋ ಭಾಗ ಬರೆದ್ರು, 1997ರ ಜುಲೈನಲ್ಲಿ ಅಪಾಚೆ ತಂಡಕ್ಕೆ ಉಡುಗೊರೆಯಾಗಿ ಕೊಟ್ರು. ಅಲ್ಲಿಂದ ಬಾಗಿಲಲ್ಲಿ ರೆಜೆಕ್ಸ್ ರಾಜ್ಯಭಾರ ಶುರು. ಬಂದವರ ಐಪಿ ವಿಳಾಸ, ಅವರು ಕೇಳಿದ ಪುಟದ ಹೆಸರು, ಅವರ ಬ್ರೌಸರ್ ‘ನಾನು ಇಂಥವನು’ ಅಂತ ಹೇಳ್ಕೊಳ್ಳೋ ಸಾಲು, ಯಾವ ಪುಟದಿಂದ ಬಂದ್ರು ಅನ್ನೋ ಸಾಲು, ಎಲ್ಲವನ್ನೂ ಮಾದರಿಗೆ ಹೋಲಿಸಿ ನೋಡಬಹುದು. ಹೊಂದಿದ್ರೆ 403. ಅಂದ್ರೆ ‘ನಿನಗೆ ಪ್ರವೇಶವಿಲ್ಲ’.

ಅದೇ ಕಾಲಕ್ಕೆ ಇನ್ನೊಂದು ದಾರಿಯೂ ಇತ್ತು. 1994ರಲ್ಲಿ ಮಾರ್ಟಿನ್ ಕೋಸ್ಟರ್ ಅನ್ನೋರು ‘ರೋಬಾಟ್ಸ್’ ಅನ್ನೋ ಹೆಸರಿನ ಒಂದು ಸಣ್ಣ ಕಡತದ ಸಂಪ್ರದಾಯ ಶುರು ಮಾಡಿದ್ರು. ಅದು ಬಾಗಿಲ ಮೇಲೆ ಅಂಟಿಸಿದ ಚೀಟಿ ಇದ್ದಂಗೆ, ‘ಯಂತ್ರಗಳೇ, ಈ ಕೋಣೆಗೆ ಬರಬೇಡಿ’ ಅಂತ. ಮರ್ಯಾದೆ ಇರೋ ಯಂತ್ರ ಓದಿ ವಾಪಸ್ ಹೋಗುತ್ತೆ. ಮರ್ಯಾದೆ ಇಲ್ಲದವರಿಗೆ ಬೀಗವೇ ಬೇಕು, ಆ ಬೀಗ 403.

ಆದರೆ ಬೀಗ ಹಾಕಿದ ಮೇಲೆ ತಪ್ಪುಗಳೂ ಶುರುವಾದವು. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಅನ್ನೋ ಊರಿನ ಜನ ಎಒಎಲ್‌ನಲ್ಲಿ ಖಾತೆ ತೆರೆಯೋಕೆ ಹೋದ್ರೆ ಆಗ್ತಿರಲಿಲ್ಲ. ಅವರ ಊರಿನ ಹೆಸರಿನ ಸ್ಪೆಲಿಂಗ್ ಒಳಗೆ ಒಂದು ಕೆಟ್ಟ ಪದ ಅಡಗಿತ್ತು, ಶೋಧಕ ಅದನ್ನ ಹಿಡಿದು ಇಡೀ ಊರನ್ನೇ ಹೊರಗೆ ಹಾಕಿತ್ತು. ನಗಬೇಡಿ. ಇಂಗ್ಲಿಷಿನಲ್ಲಿ ಮದ್ದೂರು ಬರೆದು ಮೊದಲ ಮೂರು ಅಕ್ಷರ ಓದಿ ನೋಡಿ. ‘ಎಮ್, ಎ, ಡಿ’. ಬೈಗುಳ ತಡೆಯೋ ಅವಸರದಲ್ಲಿ ಯಾರಾದ್ರೂ ಆ ಪದವನ್ನ ಪಟ್ಟಿಗೆ ಹಾಕಿದ್ರೆ ಮದ್ದೂರಿನವರು, ಮಡಿಕೇರಿಯವರು ಇಬ್ಬರೂ ಬಾಗಿಲಾಚೆ. ಹಾಗೇ ‘ಬಾಟ್’ ಅಂತ ಇರೋ ಯಂತ್ರಗಳನ್ನೆಲ್ಲ ತಡೀರಿ ಅಂತ ಬರೆದ ನಿಯಮಕ್ಕೆ ‘ಕ್ಯೂಬಾಟ್’ ಕಂಪನಿಯ ಫೋನ್ ಹಿಡಿದ ಮನುಷ್ಯರೂ ಯಂತ್ರವಾಗಿ ಕಾಣ್ತಾರೆ.

ನಮ್ಮ ದೇಶದಲ್ಲಿ ಇದೇ ತಪ್ಪು ಇನ್ನೂ ದೊಡ್ಡ ಬಾಗಿಲಲ್ಲಿ ಆಯ್ತು. ಒಂದು ಸೈಟಿನ ಬಾಗಿಲಲ್ಲಿ ಅಲ್ಲ, ಇಂಟರ್ನೆಟ್ ಕೊಡೋ ಕಂಪನಿಗಳ ಬಾಗಿಲಲ್ಲಿ. 2003ರಲ್ಲಿ ಮೇಘಾಲಯಕ್ಕೆ ಸಂಬಂಧಿಸಿದ ಒಂದೇ ಒಂದು ಯಾಹೂ ಗುಂಪನ್ನ ತಡೀರಿ ಅಂತ ಆದೇಶ ಬಂತು, ಕಂಪನಿಗಳು ಇಡೀ ಯಾಹೂ ಗ್ರೂಪ್ಸ್ ಮುಚ್ಚಿದವು. 2006ರ ಜುಲೈನಲ್ಲಿ, ಮುಂಬೈ ರೈಲು ಸ್ಫೋಟದ ನಂತರದ ದಿನಗಳಲ್ಲಿ, ಕೆಲವೇ ಪುಟಗಳ ಪಟ್ಟಿ ಕೊಟ್ರೆ ಬ್ಲಾಗ್‌ಸ್ಪಾಟ್ ಪೂರ್ತಿ ಬಂದ್ ಆಯ್ತು. 2012ರ ಆಗಸ್ಟ್ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದ್ರು. ಆಗ ಸರ್ಕಾರ ತಡೆಯೋಕೆ ಹೇಳಿದ ಪಟ್ಟಿಯಲ್ಲಿ 309 ಬಾಬ್ತುಗಳಿದ್ದವು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಅದನ್ನ ಬಿಡಿಸಿ ನೋಡಿದಾಗ, ಕೆಲವು ಬಾಬ್ತು ವೆಬ್ ವಿಳಾಸಗಳೇ ಆಗಿರಲಿಲ್ಲ. ಇನ್ನೂ ಬೇಸರದ ವಿಷಯ ಅಂದ್ರೆ, ‘ಈ ವದಂತಿ ಸುಳ್ಳು’ ಅಂತ ತಿಳಿಸ್ತಿದ್ದ ಬರಹಗಳೂ ಅದೇ ಪಟ್ಟಿಯಲ್ಲಿ ಸಿಕ್ಕಿಬಿದ್ದಿದ್ದವು. ಸುಳ್ಳು ಹೇಳೋನು, ಸುಳ್ಳು ಅಂತ ಹೇಳೋನು, ಇಬ್ಬರ ಬಾಯಲ್ಲೂ ಅದೇ ಪದ ಇರುತ್ತಲ್ಲ!

ನಿಯಮವೇ ಬಾಗಿಲನ್ನ ಬೀಳಿಸಿದ ಉದಾಹರಣೆಯೂ ಇದೆ. 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್ ಕಂಪನಿ, ಲಕ್ಷಾಂತರ ಸೈಟುಗಳ ಬಾಗಿಲು ಕಾಯೋ ಕಂಪನಿ, ದಾಳಿ ತಡೆಯೋಕೆ ಒಂದು ಹೊಸ ನಿಯಮ ಹಾಕಿತು. ಅದರೊಳಗಿನ ಒಂದು ರೆಜೆಕ್ಸ್ ಹೇಗೆ ಬರೆದಿತ್ತು ಅಂದ್ರೆ, ‘ಏನಾದ್ರೂ ಎಷ್ಟಾದ್ರೂ ಇರಲಿ’ ಅನ್ನೋ ಮಾತು ಅದರಲ್ಲಿ ಮತ್ತೆ ಮತ್ತೆ ಬರ್ತಿತ್ತು. ಒಂದು ಸಾಲನ್ನ ಎಷ್ಟು ಥರ ಒಡೆದು ನೋಡಬಹುದೋ ಅಷ್ಟೂ ಥರ ನೋಡ್ತಾ ಕೂತ ಕಂಪ್ಯೂಟರುಗಳು ಪೂರ್ತಿ ಸುಸ್ತು ಹೊಡೆದವು. 27 ನಿಮಿಷ ಪ್ರಪಂಚದ ತುಂಬ ಸೈಟುಗಳು ಸಿಗಲಿಲ್ಲ. ಆ ದಿನ ಹೊರಗಿನಿಂದ ಯಾರೂ ದಾಳಿ ಮಾಡಿರಲಿಲ್ಲ.

ಈಗ ಕಾವೇರಿಗೆ ವಾಪಸ್ ಬರೋಣ. ಆದರೆ ಅದಕ್ಕೂ ಮುಂಚೆ ಅದರ ಅಕ್ಕನ ಬಗ್ಗೆ ಹೇಳ್ತೀನಿ, ‘ಭೂಮಿ’. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದ ಕಾಲದಲ್ಲಿ, 2000ದ ಆಸುಪಾಸಿನಲ್ಲಿ, ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಬಂದವು. 67 ಲಕ್ಷ ರೈತರ ಲೆಕ್ಕ. ಅಲ್ಲಿವರೆಗೂ ಪಹಣಿ ಇದ್ದದ್ದು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿ. ಆಮೇಲೆ ತಾಲ್ಲೂಕು ಕಚೇರಿ ಕಿಂಡಿಯಲ್ಲಿ 15 ರೂಪಾಯಿ ಕೊಟ್ರೆ ಪ್ರಿಂಟ್ ಸಿಗೋ ಹಾಗಾಯ್ತು. ಅಲ್ಲೂ ಬಾಗಿಲಿಗೆ ಬೀಗ ಇತ್ತು. ಅಧಿಕಾರಿ ಒಳಗೆ ಹೋಗಬೇಕು ಅಂದ್ರೆ ಬೆರಳಚ್ಚು ಒತ್ತಬೇಕು. ಖಾತೆ ಬದಲಾವಣೆ ಅರ್ಜಿ ಮೊದಲು ಬಂದವರದ್ದು ಮೊದಲು ಆಗಬೇಕು. ಗಮನಿಸಿ, ಅಲ್ಲಿ ಬೀಗ ಹಾಕಿದ್ದು ಒಳಗಿನ ಅಧಿಕಾರಿಗೆ. ರೈತ ಕಿಂಡಿ ಈಚೆ ನಿಂತಿದ್ದ, ಅವನ ಮುಖ ಕಾಣ್ತಿತ್ತು.

2023ರಲ್ಲಿ ಕಾವೇರಿ 2.0 ಬಂದಾಗ ಕಿಂಡಿ ನಮ್ಮ ಫೋನಿಗೇ ಬಂತು. ಒಳ್ಳೇದೇ, ದಲ್ಲಾಳಿ ತಪ್ಪಿದ, ಬಸ್ ಚಾರ್ಜ್ ಉಳೀತು. ಆದರೆ ಈಗ ಬಾಗಿಲಿಗೆ ನಿಮ್ಮ ಮುಖ ಕಾಣಲ್ಲ, ನಿಮ್ಮ ಕೋರಿಕೆಯ ಆಕಾರ ಮಾತ್ರ ಕಾಣುತ್ತೆ. ದಾಳಿ ಮಾಡಿದವರೂ ಖಾತೆ ತೆರೆದೇ ಬಂದ್ರು, ನೀವೂ ಖಾತೆ ತೆರೆದೇ ಬರ್ತೀರ. ಅವರೂ ಇಸಿ ಹುಡುಕಿದ್ರು, ಮಳವಳ್ಳಿಯ ರೈತನೂ ಇಸಿ ಹುಡುಕ್ತಾನೆ. ಆಕಾರ ಒಂದೇ. ಯಾವ ರೆಜೆಕ್ಸ್ ಬರೆದ್ರೂ ಇಬ್ಬರಲ್ಲಿ ಯಾರು ಯಾರು ಅಂತ ಹೇಳಲ್ಲ.

ಹಾಗಾದ್ರೆ 14 ಐಪಿ ವಿಳಾಸ ತಡೀಬೇಕಿತ್ತಾ? ಇಲ್ಲಿ ನಮ್ಮ ಮೊಬೈಲ್ ಇಂಟರ್ನೆಟ್ ಹೇಗಿದೆ ಅಂತ ತಿಳ್ಕೋಬೇಕು. ಹಳೇ ಮಾದರಿ ಐಪಿ ವಿಳಾಸಗಳು ಸಾಲದು, ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನ ನೂರಾರು ಜನಕ್ಕೆ ಹಂಚ್ತವೆ. ಒಂದು ವಿಳಾಸಕ್ಕೆ ಬಾಗಿಲು ಹಾಕಿದ್ರೆ ಅದರ ಹಿಂದೆ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ನಿಂತ ಹುಡುಗಿ, ಸಾಲಕ್ಕೆ ಇಸಿ ಬೇಕಾದ ಅವರಪ್ಪ, ಪಕ್ಕದ ಅಂಗಡಿಯವನು, ಎಲ್ಲರೂ ಇರಬಹುದು.

ಈ ತಪ್ಪನ್ನ ನಾನೂ ಮಾಡಿದ್ದೀನಿ, ಅದಕ್ಕೇ ಇಷ್ಟು ಹೇಳ್ತಿರೋದು. ನಮ್ಮೂರ ಹಬ್ಬದ ಫೋಟೋ ಹಾಕೋಕೆ ಒಂದು ಸಣ್ಣ ಸೈಟ್ ಇಟ್ಟಿದ್ದೆ. ಯಾವುದೋ ಯಂತ್ರ ರಾತ್ರಿಯೆಲ್ಲ ಜಾಹೀರಾತು ಕಾಮೆಂಟ್ ತುರುಕ್ತಿತ್ತು. ಸಿಟ್ಟಲ್ಲಿ ಅದರ ವಿಳಾಸದ ಮೊದಲೆರಡು ಭಾಗ ಹಿಡಿದು ಒಂದು ಸಾಲಿನ ನಿಯಮ ಬರೆದೆ. ಕಾಮೆಂಟ್ ನಿಂತಿತು, ನಾನು ಖುಷಿಯಾಗಿ ಮಲಗಿದೆ. ವಾರ ಕಳೆದ ಮೇಲೆ ಚಿಕ್ಕಮ್ಮ ಫೋನ್ ಮಾಡಿ, ‘ನಮ್ಮನ್ನ ಯಾಕಪ್ಪ ತೆಗೆದುಹಾಕಿದ್ದೀಯ?’ ಅಂದ್ರು. ಊರಿನ ಅರ್ಧ ಜನ ಆ ಒಂದು ಸಾಲಿನ ಆಚೆ ನಿಂತಿದ್ರು. ನನಗೆ ಗೊತ್ತಾಗಲೇ ಇಲ್ಲ, ಯಾಕಂದ್ರೆ ನನ್ನ ಮನೆ ಬ್ರಾಡ್‌ಬ್ಯಾಂಡಿನಲ್ಲಿ ಸೈಟ್ ಚೆನ್ನಾಗೇ ತೆರೀತಿತ್ತು. ಚಿಕ್ಕಮ್ಮನಿಗೆ ನನ್ನ ನಂಬರ್ ಗೊತ್ತಿತ್ತು, ಕೇಳಿದ್ರು. ಗೊತ್ತಿಲ್ಲದವರು ಸುಮ್ಮನೆ ಹೋದ್ರು.

ಹಾಗಂತ ಬಾಗಿಲು ತೆರೆದೇ ಬಿಡೋಕಾಗಲ್ಲ. 6,20,000 ಕೋರಿಕೆಯನ್ನ 62 ಖಾತೆಗೆ ಭಾಗಿಸಿ ನೋಡಿ. ಸರಾಸರಿ ಖಾತೆಗೆ 10,000. ಎರಡು ಗಂಟೆ ಅಂದ್ರೆ 7,200 ಸೆಕೆಂಡ್. ಯಾವ ರೈತನೂ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಇಸಿ ಹುಡುಕಲ್ಲ. ಅಂದ್ರೆ ಆಕಾರದಲ್ಲಿ ಕಾಣದ ಕಳ್ಳ ಎಣಿಕೆಯಲ್ಲಿ ಕಾಣ್ತಾನೆ. ‘ಒಂದು ಖಾತೆಗೆ ನಿಮಿಷಕ್ಕೆ ಇಷ್ಟೇ’ ಅಂತ ಮಿತಿ ಹಾಕೋ ಸೌಲಭ್ಯ ಇವತ್ತಿನ ಸರ್ವರುಗಳಲ್ಲಿದೆ. ರಷ್ಯಾದ ಇಗೊರ್ ಸಿಸೊಯೆವ್ 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್‌ನಲ್ಲಿ ಇದನ್ನ ಕೆಲವೇ ಸಾಲಿನಲ್ಲಿ ಬರೀಬಹುದು. ಮಿತಿ ಮೀರಿದವನಿಗೆ ಪೂರ್ತಿ ಬೀಗ ಹಾಕೋ ಬದಲು ‘ಸ್ವಲ್ಪ ತಾಳು’ ಅನ್ನಬಹುದು. ಇದು ನೀರಿನ ಸರದಿ ಇದ್ದಂಗೆ: ಯಾರೂ ಹೊರಗಿಲ್ಲ, ಆದರೆ ಒಬ್ಬನೇ ತೂಬಿಗೆ ಬಾಯಿ ಹಾಕೋ ಹಾಗಿಲ್ಲ. ಇದಕ್ಕೂ ಒಂದು ಎಚ್ಚರ ಬೇಕು. ಹಳ್ಳಿಯ ಸೈಬರ್ ಸೆಂಟರಿನವನು ಒಂದೇ ಖಾತೆಯಿಂದ ದಿನಕ್ಕೆ ಐವತ್ತು ಜನರ ಕೆಲಸ ಮಾಡಿಕೊಡ್ತಾನೆ. ಮಿತಿ ಹಾಕುವಾಗ ಅವನ ಲೆಕ್ಕವೂ ಇರಬೇಕು.

ಎಪ್ಪತ್ತು ವರ್ಷದ ಈ ಕಥೆಯಿಂದ ನಾನು ಕಲಿತದ್ದು ಇಷ್ಟು. ಮಾದರಿ ಇಲ್ಲದೆ ದೊಡ್ಡ ಬಾಗಿಲು ಕಾಯೋಕಾಗಲ್ಲ, ಆದರೆ ಪ್ರತಿ ಮಾದರಿಯೂ ನಮ್ಮವರಲ್ಲಿ ಯಾರನ್ನೋ ಹೊರಗೆ ಹಾಕೇ ಹಾಕುತ್ತೆ. ಹಾಗಾಗಿ ನಿಯಮ ಬರೆದವರು ಮೂರು ಕೆಲಸ ಮಾಡಲೇಬೇಕು. ಯಾರನ್ನ ತಡೆದ್ವಿ ಅನ್ನೋ ದಾಖಲೆಯನ್ನ ದಿನಾ ಓದಬೇಕು. 403 ಪುಟದಲ್ಲಿ ಕನ್ನಡದಲ್ಲಿ ಕಾರಣ ಬರೀಬೇಕು. ಅದರ ಕೆಳಗೆ ಒಂದು ಫೋನ್ ನಂಬರ್ ಹಾಕಬೇಕು, ಎತ್ತೋ ನಂಬರ್. ಏರಿ ಮೇಲೆ ನಿಂತು ಕೂಗಿದ್ರೆ ನೀರಗಂಟಿಗೆ ಕೇಳಿಸ್ತಿತ್ತಲ್ಲ, ಅಷ್ಟಾದ್ರೂ ಇರಲಿ.

ನಿಮ್ಮಲ್ಲಿ ಕಂಪ್ಯೂಟರ್ ಸೈನ್ಸ್ ಓದ್ತಿರೋರು ಬಹಳ ಜನ ಇದ್ದೀರ. ನಾಳೆ ಯಾವುದೋ ಕಚೇರಿಯಲ್ಲಿ ಕೂತು ಆ ಒಂದು ಸಾಲನ್ನ ನೀವೇ ಬರೀತೀರ. ಉಳಿಸೋಕೆ ಮುಂಚೆ ಒಂದು ಸಲ ನಾಲೆಯ ಕೊನೆ ಭಾಗದಲ್ಲಿರೋ ಯಾರಿಗಾದ್ರೂ ಫೋನ್ ಮಾಡಿ ಕೇಳಿ: ‘ನಿಮ್ಮಲ್ಲಿ ತೆರೀತಾ ಇದೆಯಾ?’